ಪದ ಸಿಕ್ಕರೆ ಕಾಯಿಲೆ ಸಿಕ್ಕಂತಲ್ಲ

ಪ್ರಶ್ನೆ: ನಮ್ಮಲ್ಲಿರುವ ಡಿಸ್ಚಾರ್ಜ್ ಸಮ್ಮರಿಗಳೆಲ್ಲ ಇಂಗ್ಲಿಷಿನಲ್ಲಿ ಟೈಪ್ ಮಾಡಿದವು. ‘ಡಯಾಬಿಟಿಸ್’ ಪದ ಕಂಡಲ್ಲೆಲ್ಲ ಟೇಬಲ್‌ನಲ್ಲಿ ‘ಹೌದು’ ಎಂದು ತುಂಬುವ ಪ್ರೋಗ್ರಾಂ ಬರೆದಿದ್ದೇವೆ. ಸಕ್ಕರೆ ಕಾಯಿಲೆ ಇಲ್ಲದವರೂ ಪಟ್ಟಿಗೆ ಸೇರುತ್ತಿದ್ದಾರೆ. ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿ ಬಳಸಿದರೆ ಸರಿಹೋಗುತ್ತದೆಯೇ?

ಉತ್ತರ: ಮೊದಲು ತಪ್ಪಾಗಿ ಸೇರಿದ ಐವತ್ತು ದಾಖಲೆಗಳನ್ನು ಕೂತು ಓದಿ. ‘ನೋ ಹಿಸ್ಟರಿ ಆಫ್ ಡಯಾಬಿಟಿಸ್’ ಎಂಬ ಸಾಲು, ಇಲ್ಲವೇ ‘ಫ್ಯಾಮಿಲಿ ಹಿಸ್ಟರಿ’ ಕೆಳಗೆ ಬರೆದ ತಾಯಿಯ ಕಾಯಿಲೆ ನಿಮ್ಮ ಪ್ರೋಗ್ರಾಂನ ದಾರಿ ತಪ್ಪಿಸಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಟಿಪ್ಪಣಿಯನ್ನು ಮೊದಲು ಶೀರ್ಷಿಕೆಗಳ ಪ್ರಕಾರ ಭಾಗ ಮಾಡಿ, ಆಮೇಲೆ ಪದ ಹುಡುಕಿ.

ನಿರಾಕರಣೆ, ಅಂದರೆ ಕಾಯಿಲೆ ‘ಇಲ್ಲ’ ಎನ್ನುವ ಮಾತು, ಗುರುತಿಸಲು 2001ರಲ್ಲಿ ಪ್ರಕಟವಾದ ನೆಗ್‌ಎಕ್ಸ್ ವಿಧಾನ ಇಂದಿಗೂ ಒಳ್ಳೆಯ ಆರಂಭ. ‘ನೋ’, ‘ಡಿನೈಸ್’ನಂಥ ಪದಗಳ ಪ್ರಭಾವ ಎಲ್ಲಿಯವರೆಗೆ ಎಂಬುದನ್ನು ಅದು ಸರಳ ನಿಯಮಗಳಿಂದ ನಿರ್ಧರಿಸುತ್ತದೆ. ‘ನೋ ಫೀವರ್ ಆರ್ ಕಾಫ್ ಬಟ್ ಹ್ಯಾಸ್ ಬ್ರೆತ್‌ಲೆಸ್‌ನೆಸ್’ ಎಂಬಲ್ಲಿ ಆ ಪ್ರಭಾವ ‘ಬಟ್’ಗೆ ನಿಲ್ಲಬೇಕು; ಜ್ವರ, ಕೆಮ್ಮು ಇಲ್ಲ, ಉಸಿರಾಟದ ತೊಂದರೆ ಇದೆ. ‘ಗ್ರಾಂ ನೆಗೆಟಿವ್’ ಎಂಬುದು ನಿರಾಕರಣೆಯೇ ಅಲ್ಲ, ಬ್ಯಾಕ್ಟೀರಿಯಾದ ವರ್ಗ.

ಪ್ರತಿ ಕಾಯಿಲೆಗೆ ‘ಇದೆ’, ‘ಇಲ್ಲ’, ‘ಶಂಕೆ’ ಎಂಬ ಮೂರು ಸ್ಥಿತಿಗಳಿರಲಿ. ಯಾರಿಗೆ, ಯಾವಾಗ ಎಂಬುದಕ್ಕೆ ಬೇರೆ ಕಾಲಂಗಳು ಬೇಕು. ಟಿಪ್ಪಣಿಯಲ್ಲಿ ಪ್ರಸ್ತಾಪವೇ ಇಲ್ಲದಿದ್ದರೆ ಖಾಲಿ ಬಿಡಿ, ದಯವಿಟ್ಟು ‘ಇಲ್ಲ’ ಎಂದು ತುಂಬಬೇಡಿ. ವೈದ್ಯರು ಕೇಳದ ಪ್ರಶ್ನೆಗೆ ನೀವು ಉತ್ತರ ಬರೆದಂತಾಗುತ್ತದೆ.

ಸಂಕ್ಷೇಪಗಳನ್ನು ವಿಭಾಗ ನೋಡಿಯೇ ಬಿಡಿಸಬೇಕು. ‘ಓಡಿ’ ಎಂದರೆ ಔಷಧಿ ಚೀಟಿಯಲ್ಲಿ ದಿನಕ್ಕೊಮ್ಮೆ, ಕಣ್ಣಿನ ಟಿಪ್ಪಣಿಯಲ್ಲಿ ಬಲಗಣ್ಣು. ‘ಎಂಎಸ್’ ಹೃದ್ರೋಗ ವಿಭಾಗದಲ್ಲಿ ಮೈಟ್ರಲ್ ಸ್ಟೆನೋಸಿಸ್, ನರರೋಗ ವಿಭಾಗದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್. ಇದು ಬಗೆಹರಿದ ಮೇಲೆಯೇ ಕಾಯಿಲೆಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಕೋಡ್‌ಪಟ್ಟಿಗಳಾದ ಸ್ನೋಮೆಡ್ ಸಿಟಿ ಅಥವಾ ಐಸಿಡಿ-10ರ ಕೋಡ್ ಹಾಕಿ.

ದೊಡ್ಡ ಮಾದರಿ ಖಂಡಿತ ನೆರವಾಗುತ್ತದೆ, ಆದರೆ ಷರತ್ತಿನ ಮೇಲೆ. ನಿಗದಿತ ಕಾಲಂಗಳ ಜೇಸನ್ ರೂಪದಲ್ಲೇ (ಪ್ರೋಗ್ರಾಂ ಸುಲಭವಾಗಿ ಓದಬಲ್ಲ ಹೆಸರು-ಮೌಲ್ಯಗಳ ಪಟ್ಟಿ) ಉತ್ತರ ಕೇಳಿ. ಪ್ರತಿ ಮೌಲ್ಯದ ಜೊತೆ ಮೂಲದ ಸಾಲನ್ನು ಅಕ್ಷರಶಃ ಕೊಡಲು ಹೇಳಿ. ಆ ಸಾಲು ಟಿಪ್ಪಣಿಯಲ್ಲಿ ಇದೆಯೇ ಎಂದು ಪ್ರೋಗ್ರಾಂ ತಾಳೆ ನೋಡಲಿ, ಸಿಗದಿದ್ದರೆ ಮೌಲ್ಯವನ್ನು ತಿರಸ್ಕರಿಸಲಿ. ಇಲ್ಲದ್ದನ್ನು ಸೃಷ್ಟಿಸುವುದಕ್ಕೆ ಇದರಿಂದ ತಡೆ ಬೀಳುತ್ತದೆ. ಇದ್ದದ್ದನ್ನು ತಪ್ಪಾಗಿ ಅರ್ಥೈಸುವುದಕ್ಕಲ್ಲ. ಅದನ್ನು ಹಿಡಿಯಲು ಇಬ್ಬರು ವೈದ್ಯರು ಪ್ರತ್ಯೇಕವಾಗಿ ಸರಿಯುತ್ತರ ಗುರುತು ಹಾಕಿದ ದಾಖಲೆಗಳ ಮೇಲೆ ಮಾದರಿಯನ್ನು ಪರೀಕ್ಷಿಸಲೇಬೇಕು. ಅವರಿಬ್ಬರಲ್ಲೇ ಪದೇ ಪದೇ ಭಿನ್ನಾಭಿಪ್ರಾಯ ಬಂದರೆ ಗುರುತು ಹಾಕಲು ನೀವು ಅವರಿಗೆ ಕೊಟ್ಟ ಸೂಚನೆಗಳು ಅಸ್ಪಷ್ಟವಾಗಿವೆ ಎಂದೇ ಅರ್ಥ.

ಮಾದರಿಗೆ ತರಬೇತಿ ಕೊಡುವ ಮತ್ತು ಅದನ್ನು ಪರೀಕ್ಷಿಸುವ ದಾಖಲೆಗಳನ್ನು ರೋಗಿವಾರು ಬೇರ್ಪಡಿಸಿ. ಹಳೆಯ ಟಿಪ್ಪಣಿಯನ್ನು ಕಾಪಿ ಮಾಡಿ ಹೊಸದಕ್ಕೆ ಅಂಟಿಸುವುದು ಸಾಮಾನ್ಯವಾದ್ದರಿಂದ, ಒಬ್ಬರದೇ ಸಾಲುಗಳು ಎರಡೂ ಕಡೆ ಬಂದರೆ ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಹೊರಗಿನ ಸರ್ವರ್‌ಗೆ ಕಳಿಸುವುದಾದರೆ ಹೆಸರು, ಫೋನ್, ವಿಳಾಸ, ಆಸ್ಪತ್ರೆ ನಂಬರ್ ಅಳಿಸಿಯೇ ಕಳಿಸಿ.