ಟರಾಂಟುಲಾ ಸಾಕಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನನ್ನ ಮಗನಿಗೆ 12 ವರ್ಷ. ಯಾರೋ ಅಂಗೈ ಮೇಲೆ ಟರಾಂಟುಲಾ, ಅಂದ್ರೆ ಮೈತುಂಬಾ ಕೂದಲಿರೋ ದೊಡ್ಡ ಜೇಡ, ಓಡಾಡಿಸೋ ವಿಡಿಯೋ ನೋಡಿದಾಗಿಂದ ಅದೇ ಬೇಕು ಅಂತ ಹಟ ಹಿಡಿದಿದ್ದಾನೆ. ಅದು ವಿಷದ್ದಲ್ವಾ? ನಾಯಿಗಿಂತ ಸುಲಭ ಅಂತಾನೆ, ನಿಜನಾ?

ಉತ್ತರ: ವಿಷ ಎಲ್ಲಾ ಟರಾಂಟುಲಾಗೂ ಇರತ್ತೆ. ಆದ್ರೆ ಜನ ಹೆಚ್ಚಾಗಿ ಸಾಕೋ ಮೆಕ್ಸಿಕನ್ ರೆಡ್ ನೀ, ಚಿಲಿಯನ್ ರೋಸ್ ಥರದವು ಕಚ್ಚಿದ್ರೆ ಹೆಚ್ಚುಕಮ್ಮಿ ಜೇನು ಕುಟುಕಿದಷ್ಟು ನೋವು, ಅಲರ್ಜಿ ಇದ್ದೋರು ಮಾತ್ರ ಜಾಸ್ತಿ ಹುಷಾರಾಗಿರಬೇಕು. ಇವುಗಳಲ್ಲಿ ನಾನು ಹೆದರೋದು ಕಡಿತಕ್ಕಲ್ಲ, ಹೊಟ್ಟೆ ಮೇಲಿನ ಕೂದಲಿಗೆ. ಗಾಬರಿಯಾದಾಗ ಹಿಂಗಾಲಲ್ಲಿ ಉಜ್ಜಿ ಗಾಳಿಗೆ ತೂರತ್ತೆ, ಚರ್ಮಕ್ಕೆ ತಾಗಿದ್ರೆ ತುರಿಕೆ, ಕಣ್ಣಿಗೆ ಹೋದ್ರೆ ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸಣ್ಣ ಮುಳ್ಳಿನ ಥರ ಸಿಕ್ಕೊಂಡು ತಿಂಗಳುಗಟ್ಟಲೆ ಕಾಡಬಹುದು, ಮಕ್ಕಳು ಜೇಡ ಮುಟ್ಟಿದ ಕೈಯಲ್ಲೇ ಕಣ್ಣುಜ್ಜಿಕೊಳ್ತಾರಲ್ಲ ಅದೇ ನನ್ನ ಭಯ. ಏಷ್ಯಾ, ಆಫ್ರಿಕಾದ ಜಾತಿಗಳಿಗೆ ಈ ಕೂದಲಿಲ್ಲ, ಆದ್ರೆ ಓಟ ಜೋರು, ವಿಷಾನೂ ಜೋರು. ಹೊಸಬರು ಅವುಗಳ ತಂಟೆಗೇ ಹೋಗ್ಬೇಡಿ.

ಜೇಡದ ಕಷ್ಟಾನೂ ಸ್ವಲ್ಪ ಯೋಚಿಸಿ. ಕೈಯಿಂದ ಜಾರಿ ನೆಲಕ್ಕೆ ಬಿದ್ರೆ ಹೊಟ್ಟೆ ಒಡೆದು ಸತ್ತೋಗಬಹುದು, ಅಷ್ಟು ನಾಜೂಕು. ಎತ್ತಿ ಮುದ್ದು ಮಾಡಿದ್ರೆ ಅದಕ್ಕೆ ಖುಷಿ ಆಗಲ್ಲ, ಸುಮ್ನೆ ಸಹಿಸ್ಕೊಳತ್ತೆ ಅಷ್ಟೇ. ಇನ್ನು ಪೊರೆ ಬಿಡೋವಾಗ ಅಂಗಾತ ಮಲಗಿಬಿಡತ್ತೆ, ನೋಡಿದೋರು ಸತ್ತೇಹೋಯ್ತು ಅಂದ್ಕೊಂಡುಬಿಡ್ತಾರೆ, ಆಗ ದಯವಿಟ್ಟು ಮುಟ್ಟಬೇಡಿ, ಜೀವಂತ ಹುಳ ಒಳಗೆ ಬಿಡಬೇಡಿ, ಮೈ ಇನ್ನೂ ಮೆತ್ತಗಿರೋದ್ರಿಂದ ಆ ಹುಳಾನೇ ಜೇಡನ್ನ ಕಚ್ಚಿ ಗಾಯ ಮಾಡತ್ತೆ. ನಿಜವಾಗ್ಲೂ ಸಾಯ್ತಿರೋ ಜೇಡ ಕಾಲನ್ನ ಹೊಟ್ಟೆ ಕೆಳಗೆ ಮುದುಡ್ಕೊಳತ್ತೆ, ಯಾಕಂದ್ರೆ ಅದು ಕಾಲು ಚಾಚೋದು ಮೈಯೊಳಗಿನ ದ್ರವದ ಒತ್ತಡದಿಂದ.

ಸುಲಭ ಅನ್ನೋದೇನೋ ಹೌದು: ವಾರಕ್ಕೊಂದೆರಡು ಹುಳ, ಒಂದು ನೀರಿನ ತಟ್ಟೆ, ತೋಡೋಕೆ ಮಣ್ಣು, ಗಟ್ಟಿ ಮುಚ್ಚಳ. ಆದ್ರೆ ಹೆಣ್ಣು 20 ವರ್ಷ ದಾಟಿ ಬದುಕಬಹುದು, ಮಗ ಓದು ಕೆಲಸ ಅಂತ ಹೊರಟ್ಮೇಲೆ ಹುಳ ಹಾಕೋದು ನೀವೇ. ಗಂಡು ಪ್ರಾಯಕ್ಕೆ ಬಂದ್ಮೇಲೆ ಸಾಮಾನ್ಯವಾಗಿ ಒಂದೆರಡು ವರ್ಷ ಅಷ್ಟೇ. ನಿಮಗೂ ಇಷ್ಟ ಇದ್ರೆ, ಗಾಜಿನ ಹೊರಗಿಂದ ನೋಡೋದು ಸಾಕು ಅಂತ ಅವನು ಒಪ್ಪಿದ್ರೆ ಮಾತ್ರ ತನ್ನಿ. ಸಾಕೋರ ಗೂಡಲ್ಲೇ ಹುಟ್ಟಿದ್ದಾ ಕಾಡಿಂದ ಹಿಡಿದದ್ದಾ ಅಂತ ಕೇಳಿ, ಕಾಗದಪತ್ರಾನೂ ಕೇಳಿ, ರೆಡ್ ನೀ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ.

ಪ್ರಶ್ನೆ: ಮೊದಲ ಸಲ ಹಲ್ಲಿ ಜಾತಿ ಸಾಕೋಣ ಅಂತಿದೀನಿ. ಇಗುವಾನಾನಾ, ಲೆಪರ್ಡ್ ಗೆಕ್ಕೋನಾ?

ಉತ್ತರ: ಗೆಕ್ಕೋ. ಇಗುವಾನಾ ಮರಿ ಇದ್ದಾಗ ಅಂಗೈಯಗಲ, ಬೆಳೆದ್ಮೇಲೆ ಬಾಲ ಸೇರಿ ಒಂದೂವರೆ ಮೀಟರ್, ಅದಕ್ಕೊಂದು ಕೋಣೇನೇ ಬೇಕಾಗತ್ತೆ. ಯುವಿಬಿ (ಬಿಸಿಲಲ್ಲಿರೋ ಒಂದು ಬಗೆಯ ನೇರಳಾತೀತ ಕಿರಣ) ಬೆಳಕಿಲ್ಲದಿದ್ರೆ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ಮೂಳೆ ಮೆತ್ತಗಾಗಿ ದವಡೆ ಊದಿ ಕಾಲು ಸೊಟ್ಟಗಾಗತ್ತೆ, ನೋಡೋಕಾಗಲ್ಲ ಆ ಸಂಕಟ. ಕಿಟಕಿ ಹತ್ರ ಇಡ್ತೀನಿ ಅಂದ್ರೂ ಪ್ರಯೋಜನ ಇಲ್ಲ, ಗಾಜು ಆ ಕಿರಣಾನ ತಡೆದುಬಿಡತ್ತೆ. ಅದಕ್ಕೇ ಯುವಿಬಿ ಬಲ್ಬು ಬೇಕು, ಬಲ್ಬು ಉರೀತಾನೇ ಇದ್ರೂ ಅದ್ರಲ್ಲಿನ ಯುವಿಬಿ ತಿಂಗಳು ಕಳೆದಂಗೆ ಕಮ್ಮಿ ಆಗತ್ತೆ, ಕಂಪನಿ ಹೇಳಿದ ಅವಧಿಗೆ ಬದಲಾಯಿಸ್ಲೇಬೇಕು. ಗೆಕ್ಕೋ 20-25 ಸೆಂಟಿಮೀಟರ್ ಅಷ್ಟೇ, ಗೂಡಿನ ಒಂದು ಕಡೆ 31 ಡಿಗ್ರಿ ಸುಮಾರು, ಇನ್ನೊಂದು ಕಡೆ ತಂಪು, ಬಿಸಿ ಹದವಾಗಿಡೋ ಥರ್ಮೋಸ್ಟಾಟ್ ಖಂಡಿತ ಬೇಕು, ಹುಳಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಬಾಲ ಹಿಡಿದು ಎತ್ತಬೇಡಿ, ಕಳಚಿ ಬೀಳತ್ತೆ, ಅದರ ಕೊಬ್ಬಿನ ಉಗ್ರಾಣಾನೇ ಅದು. ಇದೂ 15-20 ವರ್ಷದ ಸಂಬಂಧ.

ಪ್ರಶ್ನೆ: ನಾಣ್ಯದಷ್ಟಿದ್ದ ಕೆಂಪು ಕಿವಿ ಆಮೆ ಈಗ ತಟ್ಟೆಯಷ್ಟಾಗಿದೆ. ಕೆರೆಗೆ ಬಿಡಬಹುದಾ?

ಉತ್ತರ: ಬೇಡ, ಖಂಡಿತ ಬೇಡ. ಈ ಕೆಂಪು ಕಿವಿ ಆಮೆ, ಅಂದ್ರೆ ರೆಡ್ ಇಯರ್ಡ್ ಸ್ಲೈಡರ್, ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ, ಬಿಸಿಲು ಕಾಯೋ ಜಾಗ, ಊಟ ಎಲ್ಲಾದ್ರಲ್ಲೂ ಅಲ್ಲಿನ ಮೂಲ ಆಮೆಗಳನ್ನ ಹಿಂದೆ ತಳ್ಳತ್ತೆ. ಆಮೆಯಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ (ಭೇದಿ, ಜ್ವರ ತರೋ ಬ್ಯಾಕ್ಟೀರಿಯಾ) ಸೋಂಕು ಹರಡ್ತಿದ್ದಿದ್ದಕ್ಕೆ ಅಮೆರಿಕದಲ್ಲಿ 1975ರಲ್ಲೇ 4 ಇಂಚಿಗಿಂತ ಚಿಕ್ಕ ಆಮೆ ಮಾರೋದನ್ನ ನಿಷೇಧಿಸಿದ್ರು. ದೊಡ್ಡ ತೊಟ್ಟಿ, ಫಿಲ್ಟರ್, ಹತ್ತಿ ಕೂರೋಕೆ ಒಣ ಕಲ್ಲು, ಇಷ್ಟು ಮಾಡಿ ನೀವೇ ಇಟ್ಕೊಳ್ಳಿ, ಆಗದಿದ್ರೆ ಪ್ರಾಣಿ ರಕ್ಷಣಾ ಕೇಂದ್ರದವರನ್ನ ಕೇಳಿ. ಆ ಸೋಂಕು ತೊಟ್ಟಿ ನೀರಲ್ಲೂ ಇರಬಹುದು, ಅದನ್ನ ಅಡುಗೆಮನೆ ಸಿಂಕಿಗೆ ಮಾತ್ರ ಚೆಲ್ಲಬೇಡಿ.