ಕಿವಿ ಕೆಳಗಿನ ಗಡ್ಡೆ: ಸೂಜಿಗೆ ಹೆದರಬೇಕಾ?

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಎಡಗಿವಿ ಕೆಳಗೆ ಮೂರು ವರ್ಷದಿಂದ ಗಡ್ಡೆ ಇದೆ, ಈಗ ಗೋಟಡಿಕೆಯಷ್ಟಾಗಿದೆ. ನೋವಿಲ್ಲ. ಮಂಗನಬಾವು ಅಂತ ಲೇಪ ಹಚ್ಚಿದ್ದೆವು. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿ, ಸೂಜಿ ಚುಚ್ಚಿ ನೋಡಬೇಕು ಅಂದರು. ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತಾರಲ್ಲ ಊರಲ್ಲಿ? ಇವರೋ, ಕೊನೆಕೊಯ್ಲು ಮುಗೀಲಿ ಅಂತಿದ್ದಾರೆ.
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಂಗನಬಾವು ಮೂರು ವರ್ಷ ಕೂತಿರೋದಿಲ್ಲಮ್ಮ, ಒಂದೆರಡು ವಾರದಲ್ಲಿ ಇಳಿಯುತ್ತೆ. ಊಟದ ಹೊತ್ತಿಗೆ ಊದಿ ಆಮೇಲೆ ತಗ್ಗುತ್ತಿದ್ದರೆ ಜೊಲ್ಲಿನ ನಾಳದಲ್ಲಿ ಕಲ್ಲಿದೆಯಾ ಅಂತ ನೋಡುತ್ತಿದ್ದೆವು. ಇದು ತಗ್ಗದೆ ಬೆಳೆಯುತ್ತಿದೆ, ಹಾಗಾಗಿ ಗ್ರಂಥಿಯದೇ ಗಡ್ಡೆ ಇರಬಹುದು.

ಕಿವಿಯ ಮುಂದೆ, ಕೆಳಗೆ ಇರೋದು ಪೆರೋಟಿಡ್, ಜೊಲ್ಲು ಗ್ರಂಥಿಗಳಲ್ಲೇ ದೊಡ್ಡದು. ಅಲ್ಲಿನ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ಕ್ಯಾನ್ಸರ್ ಅಲ್ಲ. ಜಾಸ್ತಿ ಸಿಗೋದು ಪ್ಲಿಯೋಮಾರ್ಫಿಕ್ ಅಡಿನೋಮಾ. ಸಾಧು ಗಡ್ಡೆಯೇ, ಆದರೆ ವರ್ಷಗಟ್ಟಲೆ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರ್ ಆಗಿ ತಿರುಗುತ್ತೆ. ನೋವಿಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ, ಎಷ್ಟೋ ಕ್ಯಾನ್ಸರ್ ಗಡ್ಡೆಗಳೂ ಮೊದಮೊದಲು ನೋಯೋದಿಲ್ಲ. ಅಡಿನಾಯ್ಡ್ ಸಿಸ್ಟಿಕ್ ಅನ್ನೋ ಅಪರೂಪದ್ದು ಒಂದಿದೆ, ನಿಧಾನಕ್ಕೆ ನರ ಹಿಡಿದು ತೆವಳುತ್ತೆ, ತೆಗೆಸಿ ಹತ್ತು ವರ್ಷ ಆದಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು.

ಈಗ ಸೂಜಿ ವಿಷಯ. ಎಫ್‌ಎನ್‌ಎಸಿ ಅಂತಾರೆ, ರಕ್ತ ತೆಗೆಯೋ ಸೂಜಿಗಿಂತ ಸಾಮಾನ್ಯವಾಗಿ ತೆಳುವಾದದ್ದು. ನಾಲ್ಕು ಜೀವಕೋಶ ಎಳೆದು ಗಾಜಿನ ಮೇಲೆ ಸವರಿ ನೋಡುತ್ತಾರೆ, ಅಷ್ಟೇ. ಇದರಿಂದ ಹರಡೋದು ಬಹಳ ಬಹಳ ಅಪರೂಪ. ಹೆದರಬೇಕಾದ್ದು ಬ್ಲೇಡಿಗೆ. ಕೆಲವು ಕಡೆ ‘ಸಣ್ಣ ಗಡ್ಡೆ, ಇಲ್ಲೇ ತೆಗೀತೀನಿ’ ಅಂತ ಕೊಯ್ದು ಕಳಿಸುತ್ತಾರೆ, ಅದಕ್ಕೆ ಮಾತ್ರ ಒಪ್ಪಬೇಡಿ. ಅಡಿನೋಮಾದ ಪೊರೆ ತೀರಾ ತೆಳು, ಒಡೆದು ಚೆಲ್ಲಿದರೆ ಮುಂದೆ ಅದೇ ಜಾಗದಲ್ಲಿ ಒಂದರ ಬದಲು ಹತ್ತು ಗಂಟು ಏಳಬಹುದು. ಮುಖ ಆಡಿಸುವ ನರ ಬೇರೆ ಈ ಗ್ರಂಥಿಯೊಳಗೇ ಕವಲೊಡೆದು ಹೋಗುತ್ತೆ.

ಸೂಜಿಯ ರಿಪೋರ್ಟಿನಲ್ಲಿ ‘ಖಚಿತವಿಲ್ಲ’ ಅಂತಲೂ ಬರಬಹುದು. ಗಾಬರಿ ಬೇಡ. ಸ್ಕ್ಯಾನ್ ನೋಡಿಕೊಂಡೇ ಇನ್ನೊಮ್ಮೆ ಚುಚ್ಚಬಹುದು, ಗಡ್ಡೆ ಎಷ್ಟು ಆಳಕ್ಕಿದೆ ಅಂತ ಎಂಆರ್‌ಐ ತೋರಿಸುತ್ತೆ. ಕಡೆಯ ಮಾತು ಗಡ್ಡೆ ಪೂರ್ತಿ ತೆಗೆದು ಪರೀಕ್ಷಿಸಿದ ಮೇಲೇ.

ಕೊನೆಕೊಯ್ಲಿಗೆ ಆಪರೇಷನ್ ನಾಲ್ಕು ವಾರ ಮುಂದೆ ಹೋದರೆ ಹೋಗಲಿ, ಅದನ್ನು ಸರ್ಜನ್ ಹತ್ತಿರವೇ ಮಾತಾಡಿಕೊಳ್ಳಿ. ಸೂಜಿ ಪರೀಕ್ಷೆಗೆ ಅರ್ಧ ದಿನ ಸಾಕು, ಈ ವಾರವೇ ಮಾಡಿಸಿ. ಬಾಯಿ ಓರೆಯಾದರೆ, ಎಡಗಣ್ಣು ಪೂರ್ತಿ ಮುಚ್ಚದಿದ್ದರೆ, ಗಡ್ಡೆ ದಿಢೀರ್ ಬೆಳೆದರೆ, ಅಡಿಕೆ ಮರದಲ್ಲೇ ಇರಲಿ, ಅವತ್ತೇ ಬಸ್ಸು ಹತ್ತಿಸಿ.