29 ಕೆಜಿ ಅಳೆದರೆ 28ರ ಚೀಟಿ!

ಪ್ರಶ್ನೆ: ಭತ್ತದ ದಲಾಲಿ ಅಂಗಡಿಯೊಂದರ ಲೆಕ್ಕಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಿದ್ದೇನೆ. ಚೀಲ ತುಂಬಿ ಉಳಿದ ಬಿಡಿ ಭತ್ತ 0.29 ಕ್ವಿಂಟಾಲ್ ಇತ್ತು. ನೂರರಿಂದ ಗುಣಿಸಿ ಇಂಟ್ ಮಾಡಿದರೆ (ಪೂರ್ಣಾಂಕಕ್ಕೆ ತಿರುಗಿಸಿದರೆ) 28 ಕೆಜಿ ಎಂದು ಚೀಟಿ ಬಂತು, ರೈತರು ನನ್ನ ಮುಖವನ್ನೇ ನೋಡಿದರು. ದಶಮಾಂಶದ ಸಹವಾಸವೇ ಬೇಡ ಎಂದು, ಮೂವರು ಅಣ್ಣತಮ್ಮಂದಿರ ಪಾಲು ಮಾಡುವಾಗ 1/3 ಅನ್ನು, 1ರ ಮುಂದೆ 18 ಸೊನ್ನೆ ಇರುವ ಸಂಖ್ಯೆಯಿಂದ ಗುಣಿಸಿದೆ. ಬರೀ ಮೂರುಗಳೇ ಬರಬೇಕಿತ್ತು, ಬಂದದ್ದು 333333333333333312. ಇದು ಪೈಥಾನ್ ತಪ್ಪಾ?
– ಓದುಗ, ಗಂಗಾವತಿ

ಉತ್ತರ: ಪೈಥಾನನ್ನು ಬಯ್ಯಬೇಡಿ, ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದರೂ 0.29 ಇದೇ ಆಟ ಆಡುತ್ತಿತ್ತು. ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಒಳಗೆ ಇಡುವ ರೀತಿಗೆ ಫ್ಲೋಟ್ ಅಂತಾರೆ, ಅದು ಎಲ್ಲವನ್ನೂ ಎರಡರ ಲೆಕ್ಕದಲ್ಲಿ ಇಡುತ್ತದೆ. ಅರ್ಧ, ಕಾಲು, ಅರೆಕಾಲು ಅದಕ್ಕೆ ನೀರು ಕುಡಿದಷ್ಟು ಸುಲಭ. ಅಜ್ಜನ ಕಾಲದ ಆಣೆ ಲೆಕ್ಕವೇ ಇದ್ದಿದ್ದರೆ ಚೆನ್ನಾಗಿತ್ತು ನೋಡಿ: ರೂಪಾಯಿಗೆ 16 ಆಣೆ, ಒಂದಾಣೆ ಎಂದರೆ 0.0625, ಚೂರೂ ಹೆಚ್ಚುಕಮ್ಮಿ ಇಲ್ಲದೆ ಕೂರುತ್ತದೆ. 1957ರಲ್ಲಿ ನಯಾಪೈಸೆ ಬಂದು ರೂಪಾಯಿಗೆ ನೂರಾಯಿತು. ನೂರನ್ನು ಒಡೆದರೆ ಒಳಗೆ ಐದು ಇದೆ, ಅದು ಎರಡರ ಲೆಕ್ಕಕ್ಕೆ ಬಗ್ಗುವುದಿಲ್ಲ, ಅಲ್ಲೇ ತೊಡಕು. (ಪೈಗೆ ಇಳಿದರೆ ಹಳೇ ಲೆಕ್ಕವೂ ಕೈಕೊಡುತ್ತದೆ ಬಿಡಿ, ಆಣೆಗೆ 12 ಪೈ, ಅದರೊಳಗೆ ಮೂರು ಇದೆ.) ನೀವು 0.29 ಎಂದು ಬರೆದಾಗ ಒಳಗೆ ಕೂತದ್ದು ಹೆಚ್ಚುಕಮ್ಮಿ 0.28999999999999998. ನೂರರಿಂದ ಗುಣಿಸಿದರೆ 28.999999999999996. ಇಂಟ್ ಹತ್ತಿರದ ಸಂಖ್ಯೆ ಯಾವುದು ಅಂತ ನೋಡುವುದಿಲ್ಲ, ಚುಕ್ಕಿ ಆದಮೇಲಿನದನ್ನು ಸುಮ್ನೆ ಕತ್ತರಿಸಿ ಎಸೆಯುತ್ತದೆ. ಹತ್ತಿರದ ಪೂರ್ಣಾಂಕ ಕೊಡುವ ರೌಂಡ್ ಹಾಕಿದ್ದರೆ 29 ಬರುತ್ತಿತ್ತು.

ಎರಡನೆಯದಕ್ಕೆ ರೌಂಡ್ ಕೂಡ ಸಹಾಯಕ್ಕೆ ಬರಲ್ಲ, ಯಾಕೆಂದರೆ ಅಲ್ಲಿ ಚುಕ್ಕಿಯೇ ಉಳಿದಿಲ್ಲ. ಫ್ಲೋಟ್‌ನಲ್ಲಿ ಅಂಕಿಗಳಿಗೆ ಇರುವುದು 53 ಬಿಟ್, ಅಂದರೆ 53 ಸೊನ್ನೆ-ಒಂದುಗಳ ಜಾಗ. 9,00,71,99,25,47,40,992 ತನಕ ಪೂರ್ಣಾಂಕಗಳನ್ನು ಒಂದೂ ಬಿಡದೆ ಎಣಿಸುತ್ತದೆ, ಅಲ್ಲಿಂದ ಮುಂದೆ ಎರಡೆರಡು, ಆಮೇಲೆ ನಾಲ್ಕುನಾಲ್ಕು, ನಿಮ್ಮ ಸಂಖ್ಯೆ ಇರುವ ಕಡೆ 64ಕ್ಕೊಂದು ಹೆಜ್ಜೆ. ಹತ್ತು ಹತ್ತು ಕೆಜಿಗೆ ಏರುವ ಲಾರಿ ಕಾಟಾ ನೋಡಿದ್ದೀರಲ್ವಾ? ಅದರ ಮೇಲೆ ಮೂರು ಕೆಜಿ ಜಾಸ್ತಿ ಹಾಕಿದರೂ ಅಂಕಿ ಅಲ್ಲಾಡದೆ ಇರಬಹುದು, ಹಾಗೇ ಇದು. ಹತ್ತಿರ ಸಿಕ್ಕ ಮೆಟ್ಟಿಲು 312, ಅಲ್ಲಿ ನಿಂತಿತು.

ಮೊದಲು ಭಾಗಿಸಿ ಆಮೇಲೆ ಗುಣಿಸಿದ್ದೇ ಎಡವಟ್ಟು. ದೊಡ್ಡ ಪೂರ್ಣಾಂಕವನ್ನೇ ತಗೊಂಡು // (ಶೇಷ ಬಿಟ್ಟು ಪೂರ್ಣಾಂಕವನ್ನೇ ಕೊಡುವ ಭಾಗಾಕಾರ) ಹಾಕಿ 3ರಿಂದ ಭಾಗಿಸಿ, ಹದಿನೆಂಟೂ ಮೂರುಗಳು ಸಾಲಾಗಿ ಬರುತ್ತವೆ. ಪೈಥಾನ್‌ನ ಪೂರ್ಣಾಂಕಕ್ಕೆ ಮೆಮೊರಿ ಇರುವಷ್ಟು ಉದ್ದ ಬೆಳೆಯುವ ಸ್ವಾತಂತ್ರ್ಯ ಇದೆ. ಅಪ್ಪಿತಪ್ಪಿ ಒಂದೇ ಗೆರೆ / ಹಾಕಿದಿರೋ, ಮತ್ತೆ ಫ್ಲೋಟ್, ಮತ್ತೆ ಅದೇ 312. ಸಂಖ್ಯೆಯನ್ನು ಹತ್ತರ ಲೆಕ್ಕದಲ್ಲೇ ಇಡುವ ಪೈಥಾನ್‌ನ ಡೆಸಿಮಲ್ ಬಳಸುವುದಾದರೆ 0.29 ಅನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ, ಬರಿದೇ ಕೊಟ್ಟರೆ ಕೆಟ್ಟ ಸಂಖ್ಯೆಯೇ ಒಳಗೆ ಹೋಗುತ್ತದೆ.

ನನ್ನನ್ನು ಕೇಳಿದರೆ ನಿಮಗೆ ಆ 18 ಸೊನ್ನೆಯೇ ಬೇಡ. ತಕ್ಕಡಿ ತೋರಿಸುವುದು ಕೆಜಿ ತಾನೇ, ಅದನ್ನು ಕ್ವಿಂಟಾಲ್ ಮಾಡಿ ಮತ್ತೆ ಕೆಜಿಗೆ ತರುವುದೇಕೆ? ತೂಕ ಕೆಜಿಯಲ್ಲಿ, ದುಡ್ಡು ಪೈಸೆಯಲ್ಲಿ, ಎರಡೂ ಪೂರ್ಣಾಂಕವಾಗಿಯೇ ಇರಲಿ. ಒಂದು ಲಕ್ಷ ರೂಪಾಯಿ ಎಂದರೆ ಒಂದು ಕೋಟಿ ಪೈಸೆ. ಮೂವರಿಗೆ ತಲಾ 33,33,333, ಉಳಿದದ್ದು ಒಂದು ಪೈಸೆ. ಅದು ಯಾವ ಅಣ್ಣನಿಗೆ ಅಂತ ನಿಮ್ಮ ಸಾವ್ಕಾರ್ರನ್ನು ಕೇಳಿ ಪ್ರೋಗ್ರಾಮ್‌ನಲ್ಲೇ ಬರೆದುಬಿಡಿ.